ಬಳ್ಳ ಸಿದ್ಧಾಂತ: ಆವತಿಯ ಸೈಕಲ್ ಸುತ್ತು ಯಾವ ಕಡೆಯಿಂದ?

ಆವತಿಯಿಂದ ಹೊರಟು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಮುಟ್ಟಿ ಆವತಿಗೇ ಮರಳುವ ದಾರಿ ಸುಮಾರು 80 ಕಿ.ಮೀ. ಆಗುತ್ತದೆ. ದೂರದ ಸೈಕಲ್ ಸವಾರಿಯನ್ನು ವ್ರತವಾಗಿ ಹಿಡಿದವರ ಲೋಕದಲ್ಲಿ 200 ಕಿ.ಮೀ. ದಾರಿಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದವನಿಗೆ ಮೊದಲ ಮೆಟ್ಟಿಲಿನ ಗೌರವ ಸಿಗುತ್ತದೆ. ಆ ಲೆಕ್ಕಕ್ಕೆ ನಮ್ಮ ಸುತ್ತು ಸಾಧಾರಣದ್ದು; ಮಧ್ಯಾಹ್ನದ ಮುದ್ದೆಯೂಟಕ್ಕೆ ಮನೆ ಸೇರಬಹುದು. ಈ ಸುತ್ತನ್ನು ಇಂದಿನವರು ಮೊಬೈಲ್ ನಕ್ಷೆ ನೋಡಿ ಯೋಜಿಸುತ್ತಾರೆ. ಅದು ವ್ಯರ್ಥ ಶ್ರಮ. ಐದು ಶತಮಾನಗಳ ಹಿಂದೆಯೇ ಆವತಿಯ ನಾಡಪ್ರಭುಗಳು ಇದನ್ನು ಯೋಜಿಸಿ, ಎಲ್ಲಿ ಎಷ್ಟು ನೀರು ತುಂಬಿಸಿಕೊಳ್ಳಬೇಕೆಂಬುದನ್ನೂ ಊರುಗಳ ಹೆಸರಿನಲ್ಲೇ ಬರೆದಿಟ್ಟು ಹೋಗಿದ್ದಾರೆ ಎಂಬುದೇ ಈ ಪ್ರಬಂಧದ ಪ್ರಮೇಯ.

ಸಾಕ್ಷ್ಯಕ್ಕೆ ಬರೋಣ. ಕಂಚಿಯ ಸೀಮೆಯಿಂದ ರಣಭೈರೇಗೌಡನ ಬಳಗ ಬಂಡಿ ಕಟ್ಟಿಕೊಂಡು ಬಂದು ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿತೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆವತಿ ಎಂಬುದು ಆಹುತಿಯ ತದ್ಭವವೆಂಬ ಮಾತೂ ಇದೆ. ಆಹುತಿ ಯಾವುದರದ್ದೆಂದು ವಿದ್ವಾಂಸರು ತಲೆ ಕೆರೆದುಕೊಂಡಿದ್ದಾರೆ. ತೊಡೆಯದ್ದು ಎಂದು 60ನೇ ಕಿ.ಮೀ. ದಾಟಿದ ಯಾವ ಸವಾರನಾದರೂ ಹೇಳಿಯಾನು. ಮುಂದೆ ಇದೇ ಮನೆತನ ದೇವನದೊಡ್ಡಿಗೆ ಬಂದು 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿತು. ಎರಡು ಬಳ್ಳಾಪುರಗಳ ಹುಟ್ಟಿನ ಕಥೆಯೂ ಅವರದೇ. ಹಸುವೊಂದು ದಿನವೂ ಹುತ್ತಕ್ಕೆ ಒಂದು ಬಳ್ಳ ಹಾಲು ಸುರಿಸುತ್ತಿತ್ತಂತೆ. ಆ ಬಳ್ಳದಿಂದಲೇ ಬಳ್ಳಾಪುರ. ಬಳ್ಳವೆಂದರೆ ಅಳತೆಯ ಪಾತ್ರೆ. ಅಳತೆಯ ಪಾತ್ರೆಯ ಹೆಸರನ್ನು ಒಂದು ಊರಿಗಿಟ್ಟರೆ ಅದು ಭಕ್ತಿ. ಎರಡು ಊರಿಗಿಟ್ಟು, ಒಂದನ್ನು ದೊಡ್ಡದು, ಇನ್ನೊಂದನ್ನು ಚಿಕ್ಕದು ಎಂದು ಗುರುತು ಹಾಕಿದರೆ ಅದು ಸೂಚನಾಫಲಕ. ದೊಡ್ಡಬಳ್ಳಾಪುರದಿಂದ ಚಿಕ್ಕಬಳ್ಳಾಪುರಕ್ಕೆ ನಲವತ್ತು ಕಿ.ಮೀ.ಗೆ ತುಸು ಕಡಿಮೆ; ಇಡೀ ಸುತ್ತಿನಲ್ಲಿ ಅತಿ ಉದ್ದನೆಯ ಹಾದಿ ಅದೇ. ಅಲ್ಲಿಗೆ ಬೇಕಾದದ್ದು ದೊಡ್ಡ ಬಳ್ಳ. ಚಿಕ್ಕಬಳ್ಳಾಪುರದಿಂದ ಆವತಿಗೆ ಹದಿನೈದರ ಸುಮಾರು. ಅಲ್ಲಿಗೆ ಚಿಕ್ಕ ಬಳ್ಳ ಸಾಕು. ಇಷ್ಟು ಸ್ಪಷ್ಟವಾಗಿ ಇಂದಿನ ಸೈಕಲ್ ಕೈಪಿಡಿಗಳೂ ಬರೆಯುವುದಿಲ್ಲ.

ಇದರಿಂದ ದಿಕ್ಕಿನ ವಿವಾದವೂ ತೀರುತ್ತದೆ. ಆವತಿಯಿಂದ ತೆಂಕಣಕ್ಕೆ ಇಳಿದು, ಪಡುವಣಕ್ಕೆ ತಿರುಗಿ, ಬಡಗಣದಿಂದ ಮರಳುವುದು ಪ್ರದಕ್ಷಿಣೆ. ಹಿಮ್ಮುಖವಾಗಿ ಹೊರಟವನು ಚಿಕ್ಕ ಬಳ್ಳ ತುಂಬಿಸಿಕೊಂಡು ಉದ್ದದ ಹಾದಿಗೆ ಬೀಳುತ್ತಾನೆ. ಅವನ ಗತಿ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಆಷಾಢದ ಗಾಳಿಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ: ಪಡುವಲಿನಿಂದ ಬೀಸುವ ಆ ಗಾಳಿ ಬಲಿಯುವ ಮೊದಲೇ ದೊಡ್ಡಬಳ್ಳಾಪುರ ಮುಟ್ಟಿದರೆ, ಆಮೇಲೆ ಅದು ಬೆನ್ನಿಗೆ ಬರುತ್ತದೆ. ಅಲ್ಲಿನ ವಿದ್ಯುತ್ ಮಗ್ಗಗಳ ಸದ್ದಿಗೆ ಪೆಡಲಿನ ಲಯ ಹೊಂದಿಸಿಕೊಳ್ಳಬಹುದೆಂಬುದು ಹೆಚ್ಚಿನ ಲಾಭ. ಪ್ರದಕ್ಷಿಣೆಯಾದರೆ ನಡುವೆ ಯಾವ ದೇವರು ಎಂದು ಆಸ್ತಿಕರು ಕೇಳಬಹುದು. ಬಹುಪಾಲು ಬೆಂಗಳೂರು ನೀಲಿ ದ್ರಾಕ್ಷಿಯ ತೋಟಗಳು, ಅಷ್ಟು ಸಾಲದೇ?

ಪೂರ್ವಪಕ್ಷದವರ ಮೊದಲ ಆಕ್ಷೇಪ ಕಾಲಗಣನೆಯದ್ದು. ಎರಡು ಸಮಚಕ್ರದ, ಸರಪಳಿಯ ಸೈಕಲ್ಲನ್ನು ಸ್ಟಾರ್ಲಿ ತಂದದ್ದು 1885ರಲ್ಲಿ, ಡನ್ಲಪ್ ಗಾಳಿ ಟೈರು ಮಾಡಿದ್ದು 1888ರಲ್ಲಿ. ಹಾಗಿರುವಾಗ ಪಾಳೆಯಗಾರರು ಯಾವ ಸೈಕಲ್ಲಿಗೆ ಯೋಜನೆ ಹಾಕಿದರು? ಇದು ಆಕ್ಷೇಪವಲ್ಲ, ನಮಗೆ ಸಿಕ್ಕ ಬಲ. ವಾಹನ ಬಂದ ಮೇಲೆ ದಾರಿ ಮಾಡುವುದು ನಮ್ಮ ಕಾಲದ ರೋಗ. ಅವರು ದಾರಿ, ತಂಗುದಾಣ, ನೀರು ಎಲ್ಲವನ್ನೂ ಸಿದ್ಧಪಡಿಸಿ ವಾಹನಕ್ಕಾಗಿ ಕಾದರು. ವಾಹನ ತಡವಾದದ್ದು ಇಂಗ್ಲೆಂಡಿನವರ ತಪ್ಪು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು, ಒಪ್ಪಲೇಬೇಕು. ಎಡಬದಿಯ ಸಂಚಾರವಿರುವ ನಾಡಿನಲ್ಲಿ ಪ್ರದಕ್ಷಿಣೆಯೆಂದರೆ ಮುಖ್ಯ ತಿರುವುಗಳೆಲ್ಲ ಬಲಕ್ಕೆ, ಅಂದರೆ ವಾಹನಗಳನ್ನು ಅಡ್ಡಹಾಯ್ದು. ರಣಭೈರೇಗೌಡನ ಬಳಗ ಓಡಿಬಂದಾಗ ತುಂಬಿದ ಪಾಲಾರ್ ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ಹೈದರಾಬಾದ್ ಹೆದ್ದಾರಿಯ ಲಾರಿಗಳಿಂದ ಅಂಥ ಉಪಕಾರ ನಿರೀಕ್ಷಿಸುವಂತಿಲ್ಲ. ಇಳಿದು, ನೂಕಿಕೊಂಡು ದಾಟಬೇಕು. ಸಿದ್ಧಾಂತಕ್ಕೆ ಇದರಿಂದ ಕುಂದಿಲ್ಲ. ರಸ್ತೆಯುಬ್ಬುಗಳ ಬಗ್ಗೆ ದೂರುವವರಿಗೆ ದೊಡ್ಡಬಳ್ಳಾಪುರದ ದಾರಿಯಲ್ಲೇ ಜಿಲ್ಲಾಡಳಿತ ಭವನವಿದೆ. ಸೈಕಲ್ಲಿನವರು ಹೊರಡುವುದು ಭಾನುವಾರ, ಅದು ಮುಚ್ಚಿರುವುದೂ ಭಾನುವಾರ.

ಇನ್ನು ನಂದಿ ಹತ್ತದ ಸುತ್ತು ಸುತ್ತೇ ಅಲ್ಲವೆಂಬ ಬೆಂಗಳೂರಿನ ಪಂಥ. ಆ ಬೆಟ್ಟ 1478 ಮೀಟರ್ ಎತ್ತರದ್ದು. 1791ರಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೇನೆಗೆ ಫಿರಂಗಿಗಳಿದ್ದೂ ಅದನ್ನು ಹತ್ತಲು ಮೂರು ವಾರಕ್ಕೂ ಮೇಲೆ ಹಿಡಿಯಿತು. ಮೂರು ವಾರ ಹಿಡಿಯುವುದನ್ನು ಸಾಧಾರಣವೆನ್ನಲು ಯಾವ ನಿಘಂಟೂ ಒಪ್ಪದು. ನಂದಿಯನ್ನು ಕೆಳಗಿನಿಂದಲೇ ನೋಡಿ ಮುಂದೆ ಸಾಗುವುದು ಶಾಸ್ತ್ರಸಮ್ಮತ. ಓದುಗರು ಬೆಳಗಿನ ಐದೂವರೆಗೆ ಆವತಿ ಬಿಡಲಿ. ಪಂಪು, ಒಂದು ಹೆಚ್ಚಿನ ಟ್ಯೂಬು ಇರಲಿ, ಬಾಟಲಿ ಮಾತ್ರ ಎರಡು: ಒಂದು ದೊಡ್ಡದು, ಒಂದು ಚಿಕ್ಕದು.