ಉಗ್ರಾಣದ ಮೆಟ್ಟಿಲಿಳಿದರೆ 1958

ಪುಸ್ತಕದ ಹೆಸರೇ ತಾರೀಖು: 11/22/63. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಆ ದಪ್ಪ ಕಾದಂಬರಿ ಕೈಗೆತ್ತಿಕೊಂಡಾಗ ಜೊತೆಗಿದ್ದ ಭಾವ, "22ನೇ ತಿಂಗಳು ಯಾವುದಯ್ಯಾ, ಅಧಿಕಮಾಸವೇ?" ಎಂದರು. ಅಮೆರಿಕದವರು ತಿಂಗಳನ್ನು ಮುಂದೆ ಕೂರಿಸುತ್ತಾರೆ, 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಕೆನಡಿಗೆ ಗುಂಡು ಬಿತ್ತು, ಸ್ಟೀಫನ್ ಕಿಂಗ್ ಇದನ್ನು 2011ರಲ್ಲಿ ಪ್ರಕಟಿಸಿದ ಎಂದು ಶುರುಮಾಡಿದೆ. "ಓ, ದೆವ್ವದ ಕಿಂಗಾ?" ಎಂದವರೇ ಭಾವ ಅಡುಗೆ ಪುಸ್ತಕಗಳ ಕಡೆ ನಡೆದರು.

ಓದಿ ಮುಗಿಸಿದಂದಿನಿಂದ ಸಿಕ್ಕಸಿಕ್ಕವರಿಗೆ "ಓದ್ರೀ, ಓದ್ರೀ" ಎಂದು ಗಂಟುಬೀಳುವುದೇ ನನ್ನ ಕಸುಬು. ಅವರೂ ಜಾಣರೇ. "ಕೆನಡಿ ಬದುಕ್ತಾನಾ ಇಲ್ವಾ, ಅಷ್ಟು ಹೇಳಿಬಿಡಿ, ಏಳೆಂಟು ನೂರು ಪುಟ ಓದೋದು ತಪ್ಪತ್ತೆ" ಅಂತಾರೆ. ಹೇಳೋದಿಲ್ಲ ಸ್ವಾಮಿ. ಹೇಳುವುದೇನಿದ್ದರೂ ಮಾಂಸದ ಕಥೆ.

ಮೇನ್ ರಾಜ್ಯದ ಲಿಸ್ಬನ್ ಫಾಲ್ಸ್ ಎಂಬ ಸಣ್ಣ ಊರಲ್ಲಿ ಅಲ್ ಟೆಂಪಲ್ಟನ್ ಎಂಬಾತನ ಹೋಟೆಲು. ಅವನ ಬರ್ಗರ್ ಎಷ್ಟು ಅಗ್ಗವೆಂದರೆ, ಒಳಗಿರುವುದು ಬೆಕ್ಕಿನ ಮಾಂಸವೇ ಇರಬೇಕೆಂದು ಊರಿನ ಗುಮಾನಿ. ಗುಟ್ಟಿರುವುದು ಉಗ್ರಾಣದಲ್ಲಿ. ಅಲ್ಲಿ ಕಣ್ಣಿಗೆ ಕಾಣದ ಮೆಟ್ಟಿಲುಗಳನ್ನು ಕಾಲಿನಲ್ಲೇ ತಡಕಿ ಇಳಿದರೆ 1958ರ ಸೆಪ್ಟೆಂಬರ್ 9. ಯಾವಾಗ ಇಳಿದರೂ ಅದೇ ದಿನ, ಅದೇ ಹೊತ್ತು. ಹಿಂದಿನ ಸಲ ಮಾಡಿದ್ದೆಲ್ಲ ಅಳಿಸಿಹೋಗಿರುತ್ತದೆ. ಅಲ್ ಏನು ಮಾಡಿದ? ಚೀಲ ಹಿಡಿದು ಹೋಗಿ, ಅದೇ ಅಂಗಡಿಯ ಅದೇ ಮಾಂಸವನ್ನು ಹಳೇ ದರಕ್ಕೆ ಮತ್ತೆ ಮತ್ತೆ ತಂದು ವರ್ಷಗಟ್ಟಲೆ ಗಿರಾಕಿಗಳಿಗೆ ಬಡಿಸಿದ!

ನಾನು ಬಿದ್ದದ್ದು ಇಲ್ಲಿಯೇ. 1895ರಲ್ಲಿ ಎಚ್. ಜಿ. ವೆಲ್ಸ್ ತನ್ನ ನಾಯಕನನ್ನು ಯಂತ್ರವೇರಿಸಿ ಎಂಟು ಲಕ್ಷ ವರ್ಷ ಮುಂದಕ್ಕೆ ಅಟ್ಟಿದ್ದ. ಕಿಂಗ್‌ನವನು ಸಂತೆಗೆ ಹೋದ. ಎದೆ ಮುಟ್ಟಿಕೊಂಡು ಹೇಳಿ, ನಿಮ್ಮ ಅಡುಗೆಮನೆಯಲ್ಲಿ ಅಂಥ ಮೆಟ್ಟಿಲು ಸಿಕ್ಕರೆ ಮೊದಲು ಏನು ಮಾಡುತ್ತೀರಿ? ಹಳೇ ದರದಲ್ಲಿ ಬಂಗಾರ, ಆಮೇಲೆ ಜಯನಗರದಲ್ಲೊಂದು ಸೈಟು. (ಎಚ್ಚರ, ಇನ್ನೊಮ್ಮೆ ಇಳಿದರೆ ಸೈಟಿನ ನೋಂದಣಿ ರದ್ದು!) ದೇಶೋದ್ಧಾರದ ಯೋಚನೆ ಏನಿದ್ದರೂ ಊಟವಾದ ಮೇಲೆ.

ಅಲ್‌ಗೂ ಹಾಗೇ ಆಯಿತು. ಕೆನಡಿಯನ್ನು ಉಳಿಸುವ ಹುಚ್ಚು ಹತ್ತಿದ್ದು ತಡವಾಗಿ. ಆ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್. ಹೊರೆ ಜೇಕ್ ಎಪಿಂಗ್ ಎಂಬ ಇಂಗ್ಲಿಷ್ ಮೇಷ್ಟ್ರ ತಲೆಗೆ ಬಂತು. ಇಳಿಯುವುದು 1958ಕ್ಕೆ, ಗುಂಡು ಹಾರುವುದು 1963ಕ್ಕೆ. ನಡುವಿನ ಐದು ವರ್ಷ? ಬದುಕಬೇಕು ಸ್ವಾಮಿ! ಬಾಡಿಗೆ ಮನೆ ಹಿಡಿಯಬೇಕು, ಟೆಕ್ಸಾಸಿನ ಸಣ್ಣ ಊರಲ್ಲಿ ಪಾಠ ಮಾಡಬೇಕು, ಮಕ್ಕಳಿಂದ ನಾಟಕ ಆಡಿಸಬೇಕು, ಸ್ಕೂಲಿನ ಲೈಬ್ರರಿಯನ್ನು ನೋಡಿಕೊಳ್ಳುವ ಸೇಡಿಯನ್ನು ಪ್ರೀತಿಸಬೇಕು. ಸಾಲದ್ದಕ್ಕೆ ಗತಕಾಲಕ್ಕೆ ಮಹಾ ಹಠ. ಬದಲಿಸಲು ಬಂದವನ ಕಾಲಿಗೆ ತೊಡರುತ್ತದೆ. ಒಂದು ಕುಟುಂಬವನ್ನು ಕೊಲೆಯಿಂದ ಉಳಿಸಬೇಕಾದ ದಿನವೇ ಜೇಕ್‌ಗೆ ಹೊಟ್ಟೆ ಕೆಡುತ್ತದೆ. ಚರಿತ್ರೆ ತಿದ್ದಲು ಹೊರಟ ವೀರ ಪಾಯಿಖಾನೆಗೆ ಓಡಾಡುವುದನ್ನು ಬೇರೆ ಯಾವ ಲೇಖಕ ಬರೆದಾನು?

ಇಷ್ಟೆಲ್ಲ ಹೇಳಿದರೂ ಭಾವನ ಮರುಮಾತು ಸಿದ್ಧವಿತ್ತು: "ನಮ್ಮ ಭಾಗವತದಲ್ಲೇ ಇದೆ ಕಣಯ್ಯ." ಇದೆ, ನಿಜ. ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ನಡೆಯುತ್ತಿದ್ದ ಸಂಗೀತ ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದು, ಪಟ್ಟಿಯಲ್ಲಿದ್ದ ವರಗಳೆಲ್ಲ ಹೇಳಹೆಸರಿಲ್ಲದಂತಾಗಿದ್ದರು. ಕೊನೆಗೆ ಸಿಕ್ಕವನು ಬಲರಾಮ. ಆದರೆ ಕಿಂಗ್‌ನ ಲೆಕ್ಕ ತಿರುಗುಮುರುಗು. ಅಲ್ಲಿ ಎಷ್ಟೇ ವರ್ಷ ಇದ್ದು ಬಂದರೂ ಇಲ್ಲಿ ಕಳೆದಿರುವುದು ಎರಡೇ ನಿಮಿಷ. ಹೀಗೆಂದಾಗ ಮಾತ್ರ ಭಾವನ ಮುಖ ಅರಳಿತು: "ಹಾಗಾದರೆ ಆಫೀಸಿಗೆ ತಡವಾಗೋ ಪ್ರಶ್ನೆಯೇ ಇಲ್ಲ!"

ಯಂತ್ರದ ಹಲ್ಲು, ಗಾಲಿ, ಸಮೀಕರಣ ಬೇಕೆನ್ನುವವರು ಈ ಪುಸ್ತಕದ ತಂಟೆಗೆ ಬರಬೇಡಿ. ಮೆಟ್ಟಿಲು ಹೇಗೆ ಬಂತೆಂದು ಅಲ್‌ಗೂ ಗೊತ್ತಿಲ್ಲ. "ನಮ್ಮ ಕಾಲದಲ್ಲಿ" ಎಂದು ಮಾತು ಶುರುಮಾಡುವವರೆಲ್ಲ ಕಡ್ಡಾಯವಾಗಿ ಓದಿ. ಹತ್ತು ಸೆಂಟಿನ ರೂಟ್ ಬಿಯರಿನ ರುಚಿಗೆ ಜೇಕ್ ಬೆರಗಾಗುವುದೂ ಇಲ್ಲಿದೆ, ಬಣ್ಣದವರಿಗೆಂದು ಬೇರೆ ಮಾಡಿಟ್ಟ ಪಾಯಿಖಾನೆಯ ದಾರಿ ಕಂಡು ಆ ಬೆರಗು ಇಳಿಯುವುದೂ ಇದೆ.

ಒಂದೇ ಒಂದು ಕೋರಿಕೆ: ಕೊಂಡು ಓದಿ. ಎರವಲು ಒಯ್ದವರೊಬ್ಬರು ಇನ್ನೂ ಹಿಂದಿರುಗಿಸಿಲ್ಲ. ಕೇಳಿದರೆ, "ಈಗ ತಾನೇ ತಗೊಂಡು ಹೋದೆನಲ್ರೀ, ಎರಡು ನಿಮಿಷಾನೂ ಆಗಿಲ್ಲ" ಅಂತಾರೆ. ಓದಿದ್ದಾರೆ ಅನ್ನೋದಂತೂ ಖಾತ್ರಿ.