ಒಂಬತ್ತನೆಯ ಅಂಗ: ಪುರುಷ ಹಾರ್ಮೋನು ಇಳಿಸುವ ಶಾಸ್ತ್ರದ ಕುರಿತು

ಆಯುರ್ವೇದಕ್ಕೆ ಅಂಗಗಳು ಎಂಟು. ಎಂಟನೆಯದಾದ ವಾಜೀಕರಣಕ್ಕೆ ಗಂಡಸಿನ ಕಸುವನ್ನು ಏರಿಸುವುದೇ ಕಸುಬು. ಅಶ್ವಗಂಧ, ನಸುಗುನ್ನಿ, ಶಿಲಾಜಿತು ಎಂದು ಬಸ್ ನಿಲ್ದಾಣದ ಗೋಡೆಗಳು ಇಂದಿಗೂ ಸಾರುತ್ತಿರುವುದು ಈ ಅಂಗದ ಮಹಿಮೆಯನ್ನೇ. ಏರುವುದಕ್ಕೆ ಇಷ್ಟೊಂದು ಏಣಿಗಳಿರುವಾಗ ಇಳಿಯುವುದಕ್ಕೆ ಒಂದು ಮೆಟ್ಟಿಲಾದರೂ ಬೇಡವೇ ಎಂದು ಪೂರ್ವಾಚಾರ್ಯರು ಯೋಚಿಸಿದಂತಿಲ್ಲ. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ನಮ್ಮ ಪ್ರತಿಜ್ಞೆ ಇಷ್ಟು: ಟೆಸ್ಟೋಸ್ಟಿರಾನ್ ಇಳಿಸುವುದರಲ್ಲಿ ಗೃಹಸ್ಥಾಶ್ರಮಕ್ಕೆ ಸಮನಾದ ಔಷಧಿಯಿಲ್ಲ; ಆಸ್ಪತ್ರೆಯ ಸೂಜಿಯೂ ಗ್ರಂಧಿಗೆ ಅಂಗಡಿಯ ಬೇರೂ ಅದರ ಮುಂದೆ ಗೌಣ.

ಮೊದಲು ಸೂಜಿಯ ವಿಚಾರ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ಪಂಡಿತ ಎಳೆ ಹುಂಜಗಳ ಬೀಜ ತೆಗೆದು ನೋಡಿದ. ಅವುಗಳ ಜುಟ್ಟು ಬೆಳೆಯಲಿಲ್ಲ, ಕೂಗು ಏಳಲಿಲ್ಲ, ಕಾದಾಟದ ಗೋಜಿಗೇ ಹೋಗಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಮರಳಿ ನೆಟ್ಟ ಹುಂಜಗಳಿಗೋ ಜುಟ್ಟು ಕೆಂಪಗೆ ಬೆಳೆಯಿತು, ಕೂಗಿದವು, ಕಚ್ಚಾಡಿದವು. 1941ರಲ್ಲಿ ಚಿಕಾಗೋದ ಚಾರ್ಲ್ಸ್ ಹಗಿನ್ಸ್ ಬೀಜ ತೆಗೆದು ಹಾರ್ಮೋನು ಇಳಿಸುವ ಇದೇ ತತ್ತ್ವದಿಂದ ಪ್ರಾಸ್ಟೇಟ್ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದೆಂದು ತೋರಿಸಿದರು. 1966ರಲ್ಲಿ ನೊಬೆಲ್ ಬಂತು. ಈಗ ಕತ್ತಿಯೂ ಬೇಡ. ಲ್ಯೂಪ್ರೊಲೈಡ್ ಎಂಬ ಚುಚ್ಚುಮದ್ದು ಪಿಟ್ಯುಟರಿ ಗ್ರಂಥಿಯನ್ನು ಬಿಡುವು ಕೊಡದೆ ಕೆಣಕಿ ಕೆಣಕಿ ಕೊನೆಗೆ ಸುಮ್ಮನಾಗಿಸುತ್ತದೆ. ಡೆಸಿಲೀಟರ್ ರಕ್ತದಲ್ಲಿ ಸುಮಾರು 300ರಿಂದ 1000 ನ್ಯಾನೋಗ್ರಾಂವರೆಗೆ ಇರುವ ಹಾರ್ಮೋನು ಕೆಲವೇ ವಾರಗಳಲ್ಲಿ 50ಕ್ಕಿಂತ ಕೆಳಗಿಳಿಯುತ್ತದೆ. ಆದರೆ ಮೊದಲ ವಾರ ಅದು ಇಳಿಯುವ ಬದಲು ಏರುತ್ತದೆ. ಆಮೇಲೆ ಮೈ ಕಾವೇರಿ ಬೆವರುವುದು, ಮೂಳೆ ಸವೆಯುವುದು ಶುರುವಾಗುತ್ತದೆ. ಕಾಯಿಲೆಗೆ ಇದು ಬೇಕೆಂದು ವೈದ್ಯರು ಹೇಳಿದರೆ ಅವರ ಮಾತೇ ಕೊನೆ, ಅಲ್ಲಿ ನಮ್ಮ ಶಾಸ್ತ್ರಕ್ಕೆ ಪ್ರವೇಶವಿಲ್ಲ. ಆರೋಗ್ಯವಂತ ಸಂಸಾರಿಗೆ ಮಾತ್ರ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಇನ್ನು ಬೇರು, ಸೊಪ್ಪು. 1999ರಲ್ಲಿ ಇಟಲಿಯ ವೈದ್ಯರು ಏಳು ಮಂದಿ ಗಂಡಸರಿಗೆ ದಿನಕ್ಕೆ 7 ಗ್ರಾಂನಂತೆ ಜ್ಯೇಷ್ಠಮಧು ಕೊಟ್ಟಾಗ ವಾರದೊಳಗೆ ಅವರ ಸರಾಸರಿ 740ರಿಂದ 414ಕ್ಕೆ ಇಳಿಯಿತು. ಲೋಕ ಬೆರಗಾಯಿತು. ಮುಂದೆ ಬೇರೆಯವರು ಪರೀಕ್ಷಿಸಿದಾಗ ಅಷ್ಟು ಇಳಿಕೆ ಕಾಣಲಿಲ್ಲ. ಅತಿಯಾಗಿ ತಿಂದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುವುದಂತೂ ಖಚಿತ. ಟರ್ಕಿಯಲ್ಲಿ 2007ರಲ್ಲಿ ಪುದೀನ ಚಹಾ ಕುಡಿಸಿ ಹಾರ್ಮೋನು ಇಳಿದದ್ದನ್ನು ಕಂಡದ್ದು ಮುಖದ ಮೇಲೆ ಕೂದಲು ಬರುತ್ತಿದ್ದ ಹೆಂಗಸರಲ್ಲಿ. ಗಂಡಸರ ವಿಷಯದಲ್ಲಿ ನಮಗಿರುವ ಸಾಕ್ಷ್ಯ ಪುದೀನ ಚಟ್ನಿ. ಅದನ್ನು ಎರಡನೇ ಸಲ ಬಡಿಸಿಕೊಂಡದ್ದರಿಂದ ವಂಶ ನಿಂತ ಮನೆಯನ್ನು ಯಾರೂ ತೋರಿಸಿಲ್ಲ. ಅಮೆರಿಕದ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಖಾರ-ಮಸಾಲೆಗಳೇ ಕಾಮದ ಮೂಲವೆಂದು ನಂಬಿ ಸಪ್ಪೆ ಊಟ ಬೋಧಿಸಿದ. ಕಾರ್ನ್‌ಫ್ಲೇಕ್ಸ್ ಹುಟ್ಟಿದ್ದು ಆತನ ಅಡುಗೆಮನೆಯಲ್ಲೇ. ಈಗ ಅದನ್ನು ಬಟ್ಟಲು ಬಟ್ಟಲು ತಿಂದು ಜಿಮ್‌ಗೆ ಹೋಗುವ ಹುಡುಗರನ್ನು ನೋಡಿದರೆ ಪ್ರಯೋಗದ ಫಲ ತಾನೇ ತಿಳಿಯುತ್ತದೆ.

ಈಗ ಸಿದ್ಧಾಂತ. ಫಿಲಿಪೀನ್ಸ್‌ನ ಸೆಬು ಎಂಬಲ್ಲಿ 624 ಯುವಕರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಮದುವೆಯಾಗಿ ತಂದೆಯಾದವರ ಬೆಳಗಿನ ಹಾರ್ಮೋನು ಶೇ. 26, ಸಂಜೆಯದು ಶೇ. 34 ಇಳಿದಿತ್ತು. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುವವರದು ಎಲ್ಲರಿಗಿಂತ ಕಡಿಮೆ. ಬೇರು ಅರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಔಷಧಿಯೇ ರಾತ್ರಿ ಎರಡು ಗಂಟೆಗೆ ಎದ್ದು ರೋಗಿಯನ್ನು ಕರೆಯುತ್ತದೆ. ಇಲ್ಲಿ ಪೂರ್ವಪಕ್ಷಿ ಆಕ್ಷೇಪಿಸಬಹುದು: ಹುಟ್ಟಾ ಹಾರ್ಮೋನು ಕಡಿಮೆಯಿದ್ದ ಸಾಧುಗಳೇ ಮದುವೆಯಾಗಿರಬಹುದಲ್ಲ? ಅಲ್ಲ. ಅದೇ ಅಧ್ಯಯನದ ಪ್ರಕಾರ ಮೊದಲು ಹಾರ್ಮೋನು ಹೆಚ್ಚಿದ್ದವರೇ ಹೆಚ್ಚಾಗಿ ಹೆಂಡತಿ-ಮಕ್ಕಳೊಂದಿಗರಾದದ್ದು. ಅಂದರೆ ರೋಗವೇ ಔಷಧಿಯನ್ನು ಹುಡುಕಿಕೊಂಡು, ಛತ್ರ ಗೊತ್ತುಮಾಡಿ, ವಾಲಗ ಊದಿಸಿಕೊಂಡು ಹೋಗುತ್ತದೆ. ಇಂಥ ಏರ್ಪಾಡು ಬೇರಾವ ವೈದ್ಯಪದ್ಧತಿಯಲ್ಲೂ ಇಲ್ಲ.

ಇಳಿಸಿದ್ದು ಮಗುವಲ್ಲ, ನಿದ್ದೆಗೇಡು ಎಂಬುದು ಎರಡನೆಯ ಆಕ್ಷೇಪ. ಚಿಕಾಗೋದಲ್ಲಿ ಹತ್ತು ಮಂದಿ ತರುಣರನ್ನು ಎಂಟು ರಾತ್ರಿ ಐದೇ ಗಂಟೆ ಮಲಗಲು ಬಿಟ್ಟಾಗ ಹಗಲಿನ ಹಾರ್ಮೋನು ಶೇ. 10ರಿಂದ 15 ಇಳಿದದ್ದು ನಿಜ. ಆದರೆ ನಿದ್ದೆ ಕೆಡಿಸಿದ್ದು ಯಾರು? ಕಾರಣದ ಕಾರಣವೂ ಕಾರಣವೇ ಆದ್ದರಿಂದ ಈ ಆಕ್ಷೇಪ ನಮ್ಮ ಪಕ್ಷವನ್ನೇ ಬಲಪಡಿಸುತ್ತದೆ. ಹಾಗಾದರೆ ಬ್ರಹ್ಮಚಾರಿಗಳ ಗತಿಯೇನು ಎಂಬುದು ಮೂರನೆಯದು. ಅವರಿಗೆ ಸೋಲುವ ತಂಡದ ಭಕ್ತಿ ವಿಧಿಸಿದೆ. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ಟಿ.ವಿ.ಯಲ್ಲಿ ನೋಡಿದವರ ಎಂಜಲು ಪರೀಕ್ಷಿಸಿದಾಗ ಗೆದ್ದ ಬ್ರೆಜಿಲ್ ಕಡೆಯವರಲ್ಲಿ ಹಾರ್ಮೋನು ಏರಿತ್ತು, ಸೋತ ಇಟಲಿಯ ಕಡೆಯವರಲ್ಲಿ ಇಳಿದಿತ್ತು. ಬೆಂಗಳೂರಿನ ಕ್ರಿಕೆಟ್ ತಂಡ 2008ರಿಂದ 17 ಸೀಸನ್ ಈ ಚಿಕಿತ್ಸೆಯನ್ನು ಪುಕ್ಕಟೆಯಾಗಿ ನಡೆಸಿಕೊಟ್ಟು 2025ರಲ್ಲಿ ಕಪ್ ಗೆದ್ದು ಔಷಧಾಲಯ ಮುಚ್ಚಿತು.

ಉಳಿದದ್ದು ಗೃಹಿಣಿಯರ ಆಕ್ಷೇಪ, ಎಲ್ಲಕ್ಕಿಂತ ಗಟ್ಟಿಯಾದದ್ದು: ಹಾರ್ಮೋನು ಇಳಿದರೂ ಯಜಮಾನರ ಜೋರು ಇಳಿಯಲಿಲ್ಲವಲ್ಲ? ಉತ್ತರಕ್ಕೆ ಇತಿಹಾಸವಿದೆ. ಅಲ್ಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫೂರ್ ನಪುಂಸಕನಾಗಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಲೆಕ್ಕಪ್ರಕಾರ ಅವನು ಬರ್ಟೋಲ್ಡನ ಹುಂಜದಂತೆ ತೆಪ್ಪಗಿರಬೇಕಿತ್ತು. ಆತನೋ 1311ರಲ್ಲಿ ದೆಹಲಿಯಿಂದ ದ್ವಾರಸಮುದ್ರದ ತನಕ ದಂಡೆತ್ತಿ ಬಂದು ಹೊಯ್ಸಳ ಬಲ್ಲಾಳನಿಂದ ಕಪ್ಪ ಕಕ್ಕಿಸಿದ. ಆದ್ದರಿಂದ ಜೋರಿನ ಉತ್ಪತ್ತಿಸ್ಥಾನ ವೃಷಣವಲ್ಲ, ಅದು ರಕ್ತಪರೀಕ್ಷೆಯಲ್ಲಿ ಸಿಗುವಂಥದ್ದೂ ಅಲ್ಲ. ಕೂತಲ್ಲಿಗೆ ಎಲ್ಲ ಬರುತ್ತದೆಂಬ ಅಭ್ಯಾಸದಿಂದ ಹುಟ್ಟಿ ಅದೇ ಪಥ್ಯದಲ್ಲಿ ಬೆಳೆಯುವ ವ್ಯಾಧಿ ಅದು. ಅದಕ್ಕೆ ಲಂಘನವೊಂದೇ ಮದ್ದು: ಬೆಳಗಿನ ಕಾಫಿ ಕುರ್ಚಿಯ ಹತ್ತಿರ ಬರಕೂಡದು, ಕುಡಿದ ಲೋಟ ತಾನಾಗಿ ತೊಳೆದುಕೊಳ್ಳಕೂಡದು. ಮೊದಲ ವಾರ ಜೋರು ಏರುತ್ತದೆ. ಲ್ಯೂಪ್ರೊಲೈಡಿನಲ್ಲೂ ಹಾಗೆಯೇ ಆದ್ದರಿಂದ ಹೆದರಿ ಚಿಕಿತ್ಸೆ ನಿಲ್ಲಿಸಬಾರದು.