ಹೆಡ್ ಕ್ಲಾರ್ಕ್ ಮಾವನ ಇ-ಮೇಲ್

(ನಿವೃತ್ತ ಹೆಡ್ ಕ್ಲಾರ್ಕ್ ಮಾವ ಕಂಪ್ಯೂಟರ್ ಮುಂದೆ. ಪಕ್ಕದಲ್ಲಿ ಸಾಫ್ಟ್‌ವೇರ್ ಅಳಿಯ. ಆದ್ದರಿಂದ ಮನೆಯವರ ಪಾಲಿಗೆ ಮಿಕ್ಸಿ ರಿಪೇರಿಯವನೂ ಹೌದು.)

ಮಾವ: ಬ್ರೌಸರ್‌ನಲ್ಲಿ ಮೇಲ್ ನೋಡೋದು ಬೇಡ ಕಣೋ. ನನ್ನ ಕಾಗದ ನನ್ನ ಬೀರುವಿನಲ್ಲೇ ಇರಬೇಕು.

ಅಳಿಯ: ಹಾಗಾದ್ರೆ ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂ ಹಾಕ್ತೀನಿ ಮಾವ. 2004ರಿಂದ ಇದೆ, ಪುಕ್ಕಟೆ.

ಮಾವ: ಪುಕ್ಕಟೆ ಅಂದ್ರೆ ಏನೋ ಇದೆ. ಇರಲಿ, ಹಾಕು.

ಅಳಿಯ: ಮೇಲ್ ತರಿಸೋಕೆ ಎರಡು ದಾರಿ ಇದೆ, ಐಮ್ಯಾಪ್, ಪಾಪ್ ಅಂತ. ಐಮ್ಯಾಪ್ ಆದ್ರೆ ಮೂಲ ಪ್ರತಿ ಸರ್ವರ್‌ನಲ್ಲೇ ಇರತ್ತೆ, ಫೋನಲ್ಲೂ ಇಲ್ಲೂ ಒಂದೇ ಕಾಣತ್ತೆ. ಇಲ್ಲಿ ಅಳಿಸಿದ್ರೆ ಅಲ್ಲೂ ಹೋಗತ್ತೆ. ಪಾಪ್ ಆದ್ರೆ ಎಲ್ಲ ಇಲ್ಲಿಗೆ ಇಳಿಸ್ಕೊಂಡು, ಬೇಕಾದ್ರೆ ಅಲ್ಲಿಂದ ತೆಗೆದೇಬಿಡಬಹುದು.

ಮಾವ: ಮೂಲ ಕಡತ ನಮ್ಮ ಹತ್ರ, ಮೇಲಿನ ಕಚೇರಿಯಲ್ಲಿ ಏನೂ ಇಲ್ಲ! ಸರ್ವೀಸ್ ಪೂರ್ತಿ ನಾನು ಕನಸು ಕಂಡಿದ್ದೇ ಇದು. ಪಾಪ್ ಹಾಕು.

ಅಳಿಯ: ಹಾರ್ಡ್ ಡಿಸ್ಕ್ ಕೆಟ್ರೆ?

ಮಾವ: 'ಕಡತ ಲಭ್ಯವಿಲ್ಲ' ಅಂತ ಹಿಂಬರಹ ಕೊಟ್ರಾಯ್ತು.

ಅಳಿಯ: ಬರೋ ಮೇಲ್‌ಗೆ ಪೋರ್ಟ್ 995, ಹೋಗೋದಕ್ಕೆ 465...

ಮಾವ: ಇನ್‌ವರ್ಡ್ ಒಂದು ಕಿಟಕಿ, ಔಟ್‌ವರ್ಡ್ ಇನ್ನೊಂದು. ಸರಿಯಾಗೇ ಇದೆ. ಊಟದ ವಿರಾಮ ಎಷ್ಟು ಹೊತ್ತಿಗೆ?

ಅಳಿಯ: ಪಾಸ್‌ವರ್ಡ್ ಹೇಳಿ ಮಾವ.

ಮಾವ: ಅದು ಗೌಪ್ಯ. ಕ್ಯಾಲೆಂಡರ್ ಹಿಂದೆ ಬರೆದಿದ್ದೀನಿ, ನೋಡ್ಕೋ.

(ಮೇಲ್‌ಗಳು ದಬದಬ ಇಳಿಯುತ್ತವೆ: ಸಾಲ ಬೇಕೆ, ಸೈಟು ಬೇಕೆ, ತಲೆಗೂದಲು ಬೇಕೆ.)

ಅಳಿಯ: ಇವನ್ನೆಲ್ಲ ಡಿಲೀಟ್ ಮಾಡ್ಲಾ?

ಮಾವ: ಮುಟ್ಟಬೇಡ! ಮೊದಲು ಒಂದೊಂದಕ್ಕೂ ಸ್ವೀಕೃತಿ ಕಳಿಸು. 'ಪರಿಶೀಲನೆಯಲ್ಲಿದೆ' ಅಂತ ಬರಿ.